ಹಿಟ್ಟು ಹೆಚ್ಚು ತಿನ್ನಿಸಿದರೆ ಹಾಲಿನ ಫ್ಯಾಟ್ ಏರುತ್ತದೆಯೇ?

ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ. ಹಾಗಾಗಿ ಫ್ಯಾಟ್ ಇಳಿದ ಕೂಡಲೇ "ಮೆಕ್ಕೆಜೋಳದ ಹಿಟ್ಟು, ಅಕ್ಕಿ ನುಚ್ಚು ಜಾಸ್ತಿ ಕೊಡಿ" ಎಂಬ ಸಲಹೆ ಕೈಯಿಂದ ಕೈಗೆ ಫಾರ್ವರ್ಡ್ ಆಗುತ್ತದೆ. ಇದು ನಿಜವೇ? ಅಲ್ಲ. ಮಿತಿ ಮೀರಿದರೆ ಫ್ಯಾಟ್ ಇನ್ನಷ್ಟು ಇಳಿಯುತ್ತದೆ, ಹಸು ಕುಂಟಲೂಬಹುದು.

ಫ್ಯಾಟ್ ಎಲ್ಲಿಂದ ಬರುತ್ತದೆ?

ಹಸುವಿನ ಹೊಟ್ಟೆಯ ಮೊದಲ ಭಾಗಕ್ಕೆ ರೂಮೆನ್ ಎನ್ನುತ್ತಾರೆ. ಅಲ್ಲಿನ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆದು ಅಸಿಟೇಟ್ ಎಂಬ ವಸ್ತು ತಯಾರಿಸುತ್ತವೆ. ಕೆಚ್ಚಲು ಹಾಲಿನ ಕೊಬ್ಬು ಕಟ್ಟಲು ಬಳಸುವ ಮುಖ್ಯ ಕಚ್ಚಾವಸ್ತು ಇದೇ. ಅಂದರೆ ಫ್ಯಾಟ್‌ನ ಬೇರು ಇರುವುದು ಹುಲ್ಲಿನಲ್ಲಿ.

ಹಸು ಮೆಲುಕು ಹಾಕುವಾಗ ಜೊಲ್ಲು ಸುರಿಯುತ್ತದೆ. ದೊಡ್ಡ ಹಸುವಿನಲ್ಲಿ ಇದು ದಿನಕ್ಕೆ 100 ಲೀಟರ್ ದಾಟಬಹುದು. ಜೊಲ್ಲಿನಲ್ಲಿ ಅಡುಗೆ ಸೋಡಾದಲ್ಲಿರುವಂಥ ಕ್ಷಾರ ಇರುವುದರಿಂದ ಹೊಟ್ಟೆಯ ಹುಳಿ ಹಿಡಿತದಲ್ಲಿರುತ್ತದೆ. ಹಿಟ್ಟಿಗೆ ಮೆಲುಕು ಬೇಕಿಲ್ಲ. ಅದು ಬೇಗ ಹುದುಗಿ ಹುಳಿ ಏರಿಸುತ್ತದೆ. ಆಗ ನಾರು ಒಡೆಯುವ ಸೂಕ್ಷ್ಮಜೀವಿಗಳು ಸೊರಗುತ್ತವೆ, ಅಸಿಟೇಟ್ ಪಾಲು ತಗ್ಗುತ್ತದೆ, ಫ್ಯಾಟ್ ಬೀಳುತ್ತದೆ. ಎಣ್ಣೆ ಅತಿಯಾಗಿ ಕುಡಿಸಿದರೂ ನಾರಿನ ಜೀರ್ಣಕ್ರಿಯೆ ಕೆಟ್ಟು ಇದೇ ಗತಿ.

ಗೊರಸಿಗೂ ಹೊಟ್ಟೆಗೂ ಏನು ಸಂಬಂಧ?

ಹುಳಿ ಏರಿದಾಗ ಹೊಟ್ಟೆಯ ಒಳಪೊರೆಗೆ ಪೆಟ್ಟು ಬಿದ್ದು ವಿಷಕಾರಿ ವಸ್ತುಗಳು ರಕ್ತ ಸೇರಬಹುದು. ಗೊರಸಿನೊಳಗಿನ ಸೂಕ್ಷ್ಮ ರಕ್ತನಾಳಗಳಿಗೆ ತೊಂದರೆಯಾದರೆ ಉರಿಯೂತ ಬರುತ್ತದೆ. ಇದಕ್ಕೆ ಲ್ಯಾಮಿನೈಟಿಸ್ ಎಂದು ಹೆಸರು. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಮಾತ್ರ. ಆದ್ದರಿಂದ ಇವತ್ತಿನ ತಪ್ಪು ಮೇವಿನ ಗುರುತು ಗೊರಸಿನಲ್ಲಿ ಕಾಣಲು ವಾರಗಳೇ ಬೇಕು. ಕುಂಟುವಿಕೆಗೆ ಒದ್ದೆ ಕೊಟ್ಟಿಗೆ, ಸೋಂಕು, ಅತಿಯಾಗಿ ಬೆಳೆದ ಗೊರಸು ಕೂಡ ಕಾರಣವಾಗಬಹುದು ಎಂಬುದು ನೆನಪಿರಲಿ.

ಏನು ಮಾಡಬೇಕು?

• ಮೊದಲು ಹುಲ್ಲು, ಆಮೇಲೆ ಹಿಂಡಿ-ಬೂಸಾ. ಹುಲ್ಲನ್ನು ತೀರಾ ಸಣ್ಣದಾಗಿ ಕತ್ತರಿಸಬೇಡಿ.
• ಪಶು ಆಹಾರವನ್ನು ಒಂದೇ ಸಲ ಸುರಿಯದೆ ದಿನದಲ್ಲಿ ಹಲವು ಬಾರಿ ಹಂಚಿ ಕೊಡಿ.
• ಮೇವು ಬದಲಿಸುವುದಿದ್ದರೆ ಎರಡು ವಾರದಲ್ಲಿ ನಿಧಾನವಾಗಿ ಬದಲಿಸಿ.
• ಮದುವೆ, ಜಾತ್ರೆಯಲ್ಲಿ ಉಳಿದ ಅನ್ನವನ್ನು ರಾಶಿಗಟ್ಟಲೆ ಹಾಕಬೇಡಿ. ಹೊಟ್ಟೆ ಹುಳಿಯಾಗಿ ಹಸು ಸಾಯಲೂಬಹುದು.

ಮೆಲುಕು ನಿಂತರೆ, ಸಗಣಿ ನೀರಾದರೆ, ನಡಿಗೆ ಬದಲಾದರೆ ಕೂಡಲೇ ಪಶುವೈದ್ಯರನ್ನು ಕರೆಸಿ. ಫ್ಯಾಟ್ ದಿಢೀರ್ ಇಳಿದಾಗ ಹಿಟ್ಟಿನ ಮೂಟೆ ಬಿಚ್ಚುವ ಮೊದಲು ಹುಲ್ಲು ಸಾಕಷ್ಟಿದೆಯೇ ನೋಡಿ.