ವಿಟಮಿನ್ ಡಿ ನಂಬಿ ಮದ್ದು ಬಿಡಿಸಬೇಡಿ

ನರಮಂಡಲದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ದುಬಾರಿ ಇಂಜೆಕ್ಷನ್ ಬೇಡ, ವಿಟಮಿನ್ ಡಿ ಸಾಕು ಎಂಬ ಲೇಖನ ಓದಿ ಗಾಬರಿಯಾಯಿತು. ಲೇಖಕರು ನೆಚ್ಚಿಕೊಂಡಿರುವುದು 2025ರಲ್ಲಿ ಪ್ರಕಟವಾದ ಫ್ರಾನ್ಸಿನ ಡಿ-ಲೇ ಪ್ರಯೋಗವನ್ನು. ಪೂರ್ತಿ ಓದಿದ್ದರೆ ಚೆನ್ನಾಗಿತ್ತು. ಎರಡು ವಾರಕ್ಕೊಮ್ಮೆ 1,00,000 ಯೂನಿಟ್ ಪಡೆದವರಲ್ಲೂ ಶೇ. 60ರಷ್ಟು ಮಂದಿಗೆ ರೋಗ ಮತ್ತೆ ತಲೆಯೆತ್ತಿತು. ಹುಸಿ ಔಷಧ ಪಡೆದವರಲ್ಲಿ ಶೇ. 74. ವ್ಯತ್ಯಾಸ ನಿಜ, ಅಲ್ಲಗಳೆಯುವುದಿಲ್ಲ. ಆದರೆ ಅದು ಕಂಡದ್ದು ಮುಖ್ಯವಾಗಿ ಎಂಆರ್‌ಐ ಚಿತ್ರಗಳಲ್ಲಿ. ಲಕ್ಷಣಗಳು ಮರುಕಳಿಸುವುದು ಗಣನೀಯವಾಗಿ ತಗ್ಗಲಿಲ್ಲ. ಅವರೆಲ್ಲ ರೋಗದ ಆರಂಭದ ಹಂತದವರು ಬೇರೆ. 2023ರ ಅಮೆರಿಕದ ವಿಡಾಮ್ಸ್ ಪ್ರಯೋಗದಲ್ಲಂತೂ ಮಾಮೂಲಿ ಇಂಜೆಕ್ಷನ್ ಜೊತೆ ದಿನಕ್ಕೆ 5,000 ಯೂನಿಟ್ ಕೊಟ್ಟರೂ 600 ಯೂನಿಟ್‌ಗಿಂತ ಹೆಚ್ಚಿನ ಲಾಭವಾಗಲಿಲ್ಲ. ಲೇಖನದಲ್ಲಿ ಇದರ ಸೊಲ್ಲೇ ಇಲ್ಲ!

ನಮ್ಮ ಮೆಡಿಕಲ್ ಶಾಪುಗಳಲ್ಲಿ ವಿಟಮಿನ್ ಡಿಯ 60,000 ಯೂನಿಟ್‌ನ ಸ್ಯಾಶೆ ಎಷ್ಟೋ ಸಲ ಚೀಟಿಯಿಲ್ಲದೆಯೇ ಸಿಗುತ್ತದೆ. ವಾರಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿಯಬೇಕಾದ್ದನ್ನು ದಿನಾ ಕುಡಿಯುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಕುತ್ತು. ಕೊರತೆಯಿದ್ದವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಲಿ, ಯಾರು ಬೇಡವೆಂದರು? ಇಂಜೆಕ್ಷನ್ ನಿಲ್ಲಿಸಿದವರ ಕಣ್ಣು ಮಂಜಾದರೆ, ಕಾಲು ಸ್ವಾಧೀನ ತಪ್ಪಿದರೆ ಲೇಖಕರು ಏನು ಉತ್ತರ ಕೊಡುತ್ತಾರೆ?