ಮರಿಯೂ ಇಲ್ಲ, ಸತ್ತ ಗುರುತೂ ಇಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೆರೆ ತುಂಬಿದ ವರ್ಷ ಕಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ಬಿಡುವುದು ವಾಡಿಕೆ. ಮಳೆ ಕೈಕೊಟ್ಟರೆ ಕೃಷಿ ಹೊಂಡ, ತೊಟ್ಟಿಗಳೇ ಗತಿ. ಕೊರವ ಮೀನು, ಅಂದರೆ ಮುರ್ರೆಲ್, ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ಹಾಗಾಗಿ ಕಡಿಮೆ ನೀರಿನಲ್ಲೂ ಬಾಳುತ್ತದೆ, ಬೆಲೆಯೂ ಚೆನ್ನಾಗಿದೆ. ಒಣಸೀಮೆಯ ರೈತರಿಗೆ ಅದರ ಮೇಲೆ ಆಸೆ ಹುಟ್ಟುವುದು ಸಹಜವೇ.

ಆದರೆ ಮರಿ ಬಿಟ್ಟ ಕೆಲವು ವಾರಗಳಲ್ಲೇ ಲೆಕ್ಕ ತಪ್ಪುತ್ತದೆ. ಮೊದಲ ಅನುಮಾನ ಮರಿ ಕೊಟ್ಟವರ ಎಣಿಕೆಯ ಮೇಲೆ, ನಂತರದ್ದು ಕೊಕ್ಕರೆ, ನೀರುಕಾಗೆಗಳ ಮೇಲೆ. ರೋಗ ಬಂದಿದ್ದರೆ ಸತ್ತ ಮರಿ ತೇಲಬೇಕಿತ್ತು. ಹಕ್ಕಿ ಬಾರದಂತೆ ಬಲೆ ಕಟ್ಟಿದ ತೊಟ್ಟಿಯಲ್ಲೂ ಮರಿ ಕಾಣೆಯಾದರೆ, ಅವು ಬಹುಪಾಲು ಒಡಹುಟ್ಟುಗಳ ಹೊಟ್ಟೆ ಸೇರಿವೆ ಎಂದೇ ತಿಳಿಯಬೇಕು.

ಇದು ಮೀನಿನ ಕ್ರೌರ್ಯವಲ್ಲ. ಕೆರೆಯಂಚಿನಲ್ಲಿ ಕೊರವದ ಕೆಂಬಣ್ಣದ ಪುಟ್ಟ ಮರಿಗಳು ಗುಂಪುಗುಂಪಾಗಿ ಮೇಲೇಳುವುದನ್ನು, ಅಲ್ಲೇ ಕೆಳಗೆ ದೊಡ್ಡ ಮೀನು ಕಾವಲಿರುವುದನ್ನು ಊರಿನವರು ಕಂಡಿರುತ್ತಾರೆ. ಬೆಳೆದಂತೆ ಆ ಗುಂಪು ಚದುರಿ ಹೋಗುತ್ತದೆ. ತೊಟ್ಟಿಯಲ್ಲಿ ಚದುರಲು ಜಾಗವೆಲ್ಲಿ? ಒಂದೇ ದಿನ ಮೊಟ್ಟೆಯೊಡೆದು ಬಂದರೂ ಎಲ್ಲವೂ ಸಮನಾಗಿ ಬೆಳೆಯುವುದಿಲ್ಲ. ಮೇವಿಗೆ ಮೊದಲು ನುಗ್ಗುವ ಕೆಲವು ಬೇಗ ದಪ್ಪಗಾಗುತ್ತವೆ. ಗಾತ್ರದಲ್ಲಿ ಹೆಚ್ಚು ಅಂತರವಿಲ್ಲದಾಗ ಒಂದು ಇನ್ನೊಂದರ ಬಾಲ ಕಚ್ಚುತ್ತದೆ, ಗಾಯಗೊಂಡದ್ದು ಸಾಯುತ್ತದೆ. ಅಂತರ ಹೆಚ್ಚಿದ ಮೇಲೆ ತಲೆಯಿಂದ ಹಿಡಿದು ಇಡಿಯಾಗಿ ನುಂಗುವುದೇ. ಕರಾವಳಿಯಲ್ಲಿ ಸಾಕುವ ಸೀಬಾಸ್ ಮರಿಯಂತೂ ತನ್ನ ಉದ್ದದ ಮೂರನೇ ಎರಡರಷ್ಟು ಉದ್ದದ ಮರಿಯನ್ನೂ ನುಂಗಬಲ್ಲದು. ಹಾಗೆ ನುಂಗಿದ್ದು ಮತ್ತಷ್ಟು ದಪ್ಪಗಾಗುತ್ತದೆ, ಅದರ ಬಾಯಿಗೆ ಸಿಗುವ ಮರಿಗಳ ಸಂಖ್ಯೆಯೂ ಏರುತ್ತದೆ. ಆದ್ದರಿಂದಲೇ ಮೊದಲ ವಾರಗಳ ಅಸಡ್ಡೆಯನ್ನು ಆಮೇಲೆ ತುಂಬಿಕೊಳ್ಳಲಾಗದು.

ಮೇವು ಉಳಿಸಲು ಹೋದರೆ ಮರಿಯೇ ಮೇವಾಗುತ್ತದೆ. ಒಂದೇ ಮೂಲೆಗೆ ಸುರಿಯದೆ ತೊಟ್ಟಿಯ ತುಂಬ ಚೆಲ್ಲಿ, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಹಿಂದುಳಿದವಕ್ಕೂ ಪಾಲು ಸಿಗಲಿ. ಮರಿಗಳನ್ನು ಒತ್ತೊತ್ತಾಗಿ ತುಂಬಬಾರದು. ಅಡಗಲು ಒಂದಿಷ್ಟು ನೀರುಗಿಡ, ಮೇಲೆ ನೆರಳು ಇದ್ದರೆ ಕಚ್ಚಾಟ ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬೆಳಗಿನ ತಂಪಿನಲ್ಲಿ ಕೆಲವು ದಿನಗಳಿಗೊಮ್ಮೆ ದಪ್ಪ ಮರಿಗಳನ್ನು ಆರಿಸಿ ಬೇರೆ ತೊಟ್ಟಿಗೆ ಬಿಡುವುದು. ಒಂದೇ ತೊಟ್ಟಿ ಇಟ್ಟುಕೊಂಡು ಕೊರವ ಸಾಕಲು ಹೊರಡುವವರು ಈ ಕೆಲಸವನ್ನು ಎಲ್ಲಿ ಮಾಡುತ್ತೇವೆಂದು ಮೊದಲೇ ಯೋಚಿಸಲಿ.

ಮಾರುವವರ ಹೊಣೆಯೂ ಇದೆ. ಬೆರಳುದ್ದದ ಮರಿಯ ಜೊತೆ ಅದರ ಅರ್ಧದಷ್ಟಿರುವುದನ್ನೂ ಒಂದೇ ಚೀಲಕ್ಕೆ ಹಾಕಿ ಕೊಟ್ಟರೆ ನಷ್ಟ ಚೀಲದಲ್ಲೇ ಶುರುವಾದಂತೆ. ಸಮ ಗಾತ್ರದ ಮರಿಯನ್ನೇ ಕೇಳಿ ಪಡೆಯುವ ಹಕ್ಕು ರೈತರಿಗಿದೆ.

ಇಷ್ಟೆಲ್ಲ ನೋಡಿಕೊಳ್ಳಲು ಆಳಿಲ್ಲ, ಹೊತ್ತಿಲ್ಲ ಎನ್ನುವವರಿಗೆ ಗೆಂಡೆ ಜಾತಿಯೇ ಲೇಸು. ಕಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು, ಮೃಗಾಲ್ ತಳದಲ್ಲಿ ಕೊಳೆತದ್ದನ್ನು ತಿಂದು ಬೆಳೆಯುತ್ತವೆ. ಆದರೆ ಕೆರೆಗೆ ಬಿಡುವಾಗ ಮಾತ್ರ ಬೆರಳುದ್ದಕ್ಕಿಂತ ಚಿಕ್ಕ ಮರಿ ಬೇಡ. ಬೇಸಿಗೆಯ ಗುಂಡಿಗಳಲ್ಲಿ ಉಳಿದುಕೊಂಡ ಹಳೆಯ ಕೊರವಗಳು ಅಲ್ಲಿ ಇದ್ದೇ ಇರುತ್ತವೆ.