ಬಲಪಥ ಯಾರಪ್ಪನ ಮನೆಯ ಸ್ವತ್ತು?

ಬೆಂಗಳೂರು-ಮೈಸೂರು ನಡುವಣ ಆರು ಪಥಗಳ ಹೆದ್ದಾರಿಯಿಂದ ಮೋಟಾರ್ ಸೈಕಲ್ಲು, ಆಟೋ, ಟ್ರ್ಯಾಕ್ಟರುಗಳನ್ನು 2023ರ ಆಗಸ್ಟ್ 1ರಂದು ಹೊರಹಾಕಲಾಯಿತು. ನಿಧಾನದ ವಾಹನ ವೇಗದ ವಾಹನಕ್ಕೆ ಅಡ್ಡವಾದರೆ ಪ್ರಾಣಾಪಾಯವೆಂಬುದು ಅಧಿಕಾರಿಗಳ ವಾದ. ಪಾಳಿ ಮುಗಿಸಿ ಬರುವ ಕಾರ್ಮಿಕನೂ, ಸಂತೆಗೆ ಸರಕು ಒಯ್ಯುವ ಚಿಲ್ಲರೆ ವ್ಯಾಪಾರಿಯೂ ತೆಪ್ಪಗೆ ಸರ್ವಿಸ್ ರಸ್ತೆಗೆ ಇಳಿದರು. ಆಗಲಿ.

ಆದರೆ ಒಳಗೆ ಉಳಿದ ಮಹನೀಯರು ಮಾಡುತ್ತಿರುವುದೇನು? ಎಡಪಥ ಬರಿದಾಗಿದ್ದರೂ ಬಲಪಥವನ್ನೇ ಹಿಡಿದು ತೆವಳುತ್ತಾರೆ. ಟೋಲು ಕಟ್ಟಿದೊಡನೆ ಪಥವನ್ನೇ ಕ್ರಯಕ್ಕೆ ಪಡೆದಂತೆ ಠೀವಿ! ಹಿಂದಿನವನು ಹಾರ್ನು ಬಾರಿಸಿ ಬೇಸತ್ತು ಎಡಕ್ಕೆ ನುಗ್ಗಿ ಮುಂದೆ ಹಾಯುತ್ತಾನೆ. ಅದೇ ಎಡಬದಿಯಲ್ಲಿ ಕೆಟ್ಟು ನಿಂತ ಲಾರಿಯ ಟೈರು ಬಿಚ್ಚುತ್ತ ಕೂತ ಕ್ಲೀನರ್ ಹುಡುಗನ ಗತಿ ಏನು?

ಎಡಕ್ಕೆ ಸಾಗಬೇಕು, ಬಲದಿಂದ ಹಿಂದಿಕ್ಕಬೇಕು ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಲಾರಿಯವರೂ ಇದನ್ನು ಮುರಿಯುತ್ತಾರೆ. ಅವರ ಪರ ವಕಾಲತ್ತು ನಮಗೆ ಬೇಡ. ನಿಧಾನವೇ ಅಪರಾಧವೆಂದು ಸ್ಕೂಟರಿನವನನ್ನು ಹೊರಗಟ್ಟಿದ ಸರ್ಕಾರ, ಬಲಪಥದಲ್ಲಿ ಬೀಡುಬಿಟ್ಟ ಕಾರಿನ ಒಡೆಯನನ್ನೂ ಅಷ್ಟೇ ಖಡಾಖಂಡಿತವಾಗಿ ಎಡಕ್ಕೆ ಸರಿಸಲಿ.